ಹಿಮದೇಶದ ನಾಯಿ, ಡಂಬಳದ ಕತ್ತರಿ

ಬಿಳಿಯರು ದೇಶ ಬಿಟ್ಟರು, ರಾಜರು ಗಾದಿ ಬಿಟ್ಟರು, ಲಕ್ಷ್ಮೇಶ್ವರದ ಇನಾಮದಾರರು ಊರು ಬಿಟ್ಟರು. ಬಿಡುವವರೆಲ್ಲ ಬಿಟ್ಟುಹೋದ ಮೇಲೆ ಹಿಂದೆ ಉಳಿದದ್ದು ಒಂದು ನಾಯಿ. ಅದು ದೇವವ್ವನ ಕೊರಳಿಗೆ ಬಿತ್ತು.

ಬೇಡಿ ತಂದ ನಾಯಿಯಲ್ಲ, ಮತ್ತೆ. ದೇವವ್ವನ ಗಂಡ ಉಡಚಪ್ಪ ಇನಾಮದಾರರ ವಾಡೆಯಲ್ಲಿ ಆಳು; ಗಂಡ ಹೆಂಡತಿ ಇದ್ದದ್ದು ವಾಡೆಯ ಅಂಗಳದ ಆಳುಮನೆಯಲ್ಲಿ. ಹುಬ್ಬಳ್ಳಿಯ ರೇಲ್ವೆ ಸಾಹೇಬನೊಬ್ಬ ತನ್ನ ದೇಶಕ್ಕೆ ಹೊರಡುವಾಗ ಒಂದು ಮರಿಯನ್ನು ಇನಾಮದಾರರಿಗೆ ಕೊಟ್ಟುಹೋಗಿದ್ದ. ಉತ್ತರದ ಹಿಮದೇಶದ ತಳಿಯಂತೆ. ಅಲ್ಲಿ ಎತ್ತು ಕುದುರೆಗಳ ಆಟ ನಡೆಯದ ಕಡೆ ಇವೇ ನಾಯಿಗಳು ಗಾಲಿಯಿಲ್ಲದ ಬಂಡಿಗೆ ಕೊರಳು ಕೊಟ್ಟು ಹಗಲೆಲ್ಲ ಎಳೆಯುತ್ತವಂತೆ. ಇನಾಮದಾರರು ಅದಕ್ಕೆ ಸುಲ್ತಾನ ಎಂದು ಹೆಸರಿಟ್ಟು, ಅದರ ಚಾಕರಿಗೆ ಉಡಚಪ್ಪನನ್ನು ಹಚ್ಚಿದರು. ಮರುವರ್ಷವೇ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಇನಾಮದಾರರನ್ನು ಕಂಡರೆ ಬಗ್ಗಿ ಮುಜರೆ ಮಾಡುತ್ತಿದ್ದವರೆಲ್ಲ ಬರಿಯ ನಮಸ್ಕಾರಕ್ಕೆ ಇಳಿದರು. ಅದನ್ನು ನೋಡಿಕೊಂಡು ಊರಲ್ಲಿ ಹೇಗಿರುವುದು? ವಾಡೆಗೆ ಕೀಲಿ ಜಡಿದು ಪುಣೆಗೆ ಹೊರಟರು. ಮೋಟಾರಿನಲ್ಲಿ ಒಂದು ಕಾಲಿಟ್ಟು ಹೇಳಿದರು:

"ಉಡಚಪ್ಪ, ವಾಡೆನೂ ಸುಲ್ತಾನನ್ನೂ ನಿನ್ನ ಕೈಯಾಗ ಇಟ್ಟೀನಿ. ಪುಣೆದಾಗ ಮನಿ ನೆಲಿಗೆ ಹತ್ತಲಿ, ನಾನ ಬಂದು ನಾಯಿನೂ ನಿನ್ನೂ ಕರಕೊಂಡು ಹೋಗ್ತೀನಿ. ಒಂದು ಮಾತು ಮರೀಬ್ಯಾಡ. ಅದರ ಮೈಕೂದಲಕ್ಕ ಕತ್ತರಿ ಮುಟ್ಟಸಬಾರದು."

ಉಡಚಪ್ಪ ನೆಲಕ್ಕೆ ತಲೆ ಹಚ್ಚಿ ಆಗಲಿ ಅಂದ. ಬಾಗಿಲ ಸಂದಿಯಲ್ಲಿ ನಿಂತಿದ್ದ ದೇವವ್ವನೂ ಎಲ್ಲವನ್ನೂ ಕೇಳಿಸಿಕೊಂಡಳು. ನಾಯಿನೂ ನಿನ್ನೂ ಅಂದರು ಧಣಿ. ಮೂರನೆಯವಳೊಬ್ಬಳು ಇದ್ದಾಳೆ ಎಂಬುದು ಧಣಿಗೆ ಹೊಳೆಯದಿದ್ದರೆ ಹೋಗಲಿ, ಕೈ ಹಿಡಿದ ಗಂಡನಿಗೂ ಹೊಳೆಯಲಿಲ್ಲವಲ್ಲ! ಅವನು ಅಂದಿನಿಂದ ಪುಣೆ, ಪುಣೆ ಎಂದು ಜಪ ಹಿಡಿದ. ಪುಣೆಯಲ್ಲಿ ನಳ ತಿರುವಿದರೆ ನೀರು ಬರುತ್ತದಂತೆ, ಪುಣೆಯಲ್ಲಿ ಆಳುಗಳಿಗೂ ಕೋಟು ಕೊಡುತ್ತಾರಂತೆ. ದೇವವ್ವ ರೊಟ್ಟಿ ಬಡಿಯುತ್ತ ಹೂಂ ಹೂಂ ಅನ್ನುತ್ತಿದ್ದಳು. ಆಕೆಯ ರೊಟ್ಟಿಯ ಸಪ್ಪಳ ಆಗೆಲ್ಲ ಮಾಮೂಲಿಗಿಂತ ಜೋರಾಗಿತ್ತು ಎಂಬುದೂ ಆ ಮಹಾರಾಯನಿಗೆ ಕೇಳಿಸಲಿಲ್ಲ.

ಈ ಸುಲ್ತಾನ ಎಂಬ ಪ್ರಾಣಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಮೇಲೆ ಕಪ್ಪು, ಕೆಳಗೆ ಬಿಳುಪು, ಮುಖದ ಮೇಲೆ ಯಾರೋ ಸುಣ್ಣದಲ್ಲಿ ಬರೆದಂಥ ಗುರುತು. ಒಂದು ಕಣ್ಣು ಕಂದು, ಇನ್ನೊಂದು ತಿಳಿನೀಲಿ. ಬಾಲ ಬೆನ್ನ ಮೇಲೆ ಸುರುಳಿ ಸುತ್ತಿ ಕೂತಿರುತ್ತಿತ್ತು. ನೋಡಿದರೆ ತೋಳ. ಕಪ್ಪತಗುಡ್ಡದ ಸೆರಗಿನಿಂದ ಬಂದ, ತೋಳ ಕಂಡು ಬಲ್ಲ ಯಾರೇ ಆಗಲಿ ಮೊದಲು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಸರಿದವರ ಹೆಗಲಿಗೆ ಇದು ಮುಂಗಾಲು ಹಾಕಿ ಮುಖ ನೆಕ್ಕುತ್ತಿತ್ತು. ಗುರುತಿನವರು, ಗುರುತಿಲ್ಲದವರು ಎಂಬ ಭೇದವೇ ಇಲ್ಲ. ಊರಿಗೆ ಊರೇ ಅದಕ್ಕೆ ಬೀಗರು.

"ಬೊಗಳೋ ನಾಯಿ ಕಚ್ಚಂಗಿಲ್ಲ ಅಂತಾರ. ಇದು ಬೊಗಳಂಗೂ ಇಲ್ಲ, ಕಚ್ಚಂಗೂ ಇಲ್ಲ. ನಾಯಾಗಿ ಯಾಕ ಹುಟ್ಟಿತೋ ಶಿವನ ಬಲ್ಲ" ಎಂದು ದೇವವ್ವ ಅನ್ನುತ್ತಿದ್ದಳು.

ಒಂದು ಮಧ್ಯಾಹ್ನ ಕಳ್ಳನೊಬ್ಬ ವಾಡೆಯ ಹಿತ್ತಲಿಂದ ತಾಮ್ರದ ಕೊಡ ಎತ್ತಿಕೊಂಡು ಹೊರಟ. ಸುಲ್ತಾನ ಅಡ್ಡ ಬರಲಿಲ್ಲ, ಜೊತೆಗೆ ಹೋಯಿತು. ಬಾಲ ಅಲ್ಲಾಡಿಸುತ್ತ ಪೇಟೆಯ ತನಕ ಕಳುಹಿಸಿಕೊಡಲು ಹೊರಟಿತು. ದಾರಿಯಲ್ಲಿ ಸಿಕ್ಕವರೆಲ್ಲ, "ಏ ತಮ್ಮಾ, ವಾಡೆದ ನಾಯಿನ್ನ ಎಲ್ಲಿಗೆ ಒಯ್ತೀ?" ಎಂದು ಕೇಳಿದರು. ಕಳ್ಳ ಬೆವೆತು ಬೆವೆತು ಕಡೆಗೆ ಕೊಡವನ್ನು ಅಲ್ಲೇ ಇಟ್ಟು ಓಡಿದ. ಸುಲ್ತಾನ ಅವನ ಹಿಂದೆಯೂ ಒಂದಿಷ್ಟು ದೂರ ಪ್ರೀತಿಯಿಂದ ಓಡಿತು. ಉಡಚಪ್ಪ ಮಾತ್ರ ಈ ಕಥೆಯನ್ನು, ನಮ್ಮ ಸುಲ್ತಾನ ಕಳ್ಳನ್ನ ಬೆನ್ನಟ್ಟಿದ್ದು ಎಂದು ಮೀಸೆಯ ಮೇಲೆ ಕೈಯಿಟ್ಟುಕೊಂಡು ಹೇಳುತ್ತಿದ್ದ.

ಬೊಗಳುವುದಿಲ್ಲ ಎಂದಳಲ್ಲ ದೇವವ್ವ, ಸುಮ್ಮನಿರುತ್ತಿತ್ತು ಅಂತಲ್ಲ. ಊಳಿಡುತ್ತಿತ್ತು. ಹತ್ತಿ ಗಿರಣಿಯ ಭೋಂಗಾ ಕೂಗಿದರೆ ಇದೂ ಗೋಣೆತ್ತಿ ಊ ಎಂದು ಸುರು ಮಾಡುತ್ತಿತ್ತು. ಓಣಿಯ ಹೆಂಗಸರು, ಬಾಗಿಲಲ್ಲಿ ನಾಯಿ ಊಳಿಟ್ಟರೆ ಮನೆಗೆ ಕೇಡು ಎಂದು ಬಾಯಿ ಬಡಿದುಕೊಂಡು ಬಂದರು. ಆಗ ಉಡಚಪ್ಪ, "ಇದು ಅಳೂದಲ್ಲರಿ ಯವ್ವಾ, ಈ ಜಾತಿ ಮಾತಾಡೂದ ಹೀಂಗ" ಎಂದು ಸಮಾಧಾನ ಮಾಡಿ ಕಳಿಸಿದ. ಹೌದೋ ಅಲ್ಲವೋ ನೋಡೋಣ ಎಂದು ದೇವವ್ವ ಅವತ್ತು ನಾಯಿಯ ಎದುರು ಕುಕ್ಕರುಗಾಲಲ್ಲಿ ಕೂತು, "ಏನಪಾ ಸುಲ್ತಾನಪ್ಪ, ಊಟ ಆತೇನ್ರಿ?" ಎಂದಳು. ಸುಲ್ತಾನ ತಲೆ ವಾರೆ ಮಾಡಿ, "ಊ-ವೂ-ಊ" ಅಂದಿತು. ಮನೆಯಲ್ಲಿ ಕೇಳಿದ್ದಕ್ಕೆ ಉತ್ತರ ಕೊಡುವ ಒಂದು ಜೀವ ಸಿಕ್ಕಿತಲ್ಲ ಎಂದು ದೇವವ್ವನಿಗೆ ನಗು ಬಂತು.

ಬೇಸಿಗೆ ಬಂತು. ಉಡಚಪ್ಪನ ಹುಚ್ಚಿಗೆ ಮೇರೆಯೇ ಇಲ್ಲದಂತಾಯಿತು. ಹಿಮದ ನಾಯಿ ಹಿಮವಿಲ್ಲದೆ ಸಾಯುತ್ತದೆ ಎಂದು ಅವನ ತಲೆಯಲ್ಲಿ ಕೂತಿತು. ಗದಗಿನಿಂದ ಲಕ್ಷ್ಮೇಶ್ವರಕ್ಕೆ ಸರ್ವಿಸ್ ಮೋಟಾರು ಹೊಡೆಯುವ ಕುತುಬುದ್ದೀನ ಅವನ ಹಳೆಯ ಗೆಳೆಯ. ಅವನ ಕೈಕಾಲು ಹಿಡಿದು, ಗದಗ ಠೇಶನ್ನಿನಿಂದ ಬರ್ಫದ ಗಡ್ಡೆಯನ್ನು ಗೋಣಿಚೀಲದಲ್ಲಿ ಸುತ್ತಿ ತರಿಸಿದ. ಗದಗಿನಲ್ಲಿ ಅದು ಬೀಸುಕಲ್ಲಿನಷ್ಟಿತ್ತು. ಲಕ್ಷ್ಮೇಶ್ವರ ಮುಟ್ಟುವಷ್ಟರಲ್ಲಿ ಒದ್ದೆ ಚೀಲವಷ್ಟೇ ಉಳಿದಿತ್ತು. ಮೋಟಾರಿನಲ್ಲಿ ಕೂತ ಮಂದಿಯ ಧೋತರ ತೊಯ್ದು ಜಗಳವಾದದ್ದು ಲಾಭ.

"ಉಡಚಪ್ಪ, ಇನ್ನ ನಿನ್ನ ನಾಯಿನ್ನ ಗದಗಕ್ಕ ಒಯ್ದು ಬರ್ಫ ತಿನಿಸು, ಬರ್ಫ ಇಲ್ಲಿಗೆ ತರಾಕ ನನ್ನಿಂದ ಆಗಂಗಿಲ್ಲೋ ಮಾರಾಯ" ಎಂದು ಕುತುಬುದ್ದೀನ ಕೈ ಮುಗಿದ.

ಆಮೇಲೆ ಬೀಸಣಿಗೆ ಬಂತು. ಉಡಚಪ್ಪ ನಾಯಿಯ ಪಕ್ಕದಲ್ಲಿ ಕೂತು ಗಾಳಿ ಬೀಸುವುದನ್ನು ದೇವವ್ವ ಒಲೆಯ ಮುಂದೆ ಬೆವರು ಒರೆಸಿಕೊಳ್ಳುತ್ತ ನೋಡಿದಳು.

"ನಾನೂ ಬಾಲ ಹಚ್ಚಿಕೊಂಡು ಬರಲೇನ್ರಿ? ನನಗೂ ಒಂಚೂರು ಬೀಸ್ತೀರೇನು?"

"ಹುಚ್ಚಿ, ಅದು ಪರದೇಶದ ಜೀವ. ನೀ ಡಂಬಳದಾಕಿ, ನಿನಗೇನ ಬಿಸಲು?"

ಸುಲ್ತಾನನಿಗೆ ಬರ್ಫವೂ ಬೇಕಿರಲಿಲ್ಲ, ಬೀಸಣಿಗೆಯೂ ಬೇಕಿರಲಿಲ್ಲ. ಅದು ಎದ್ದು ಬಚ್ಚಲ ನೀರು ಹರಿಯುವಲ್ಲಿ, ಬೇವಿನ ನೆರಳಿನಲ್ಲಿ, ಮುಂಗಾಲಿನಿಂದ ಕೆರೆದು ಕೆರೆದು ತನ್ನಳತೆಯ ಒಂದು ತಗ್ಗು ತೋಡಿಕೊಂಡು ತಂಪು ಮಣ್ಣಿನಲ್ಲಿ ಹೊಟ್ಟೆ ಹಚ್ಚಿ ಮಲಗಿತು. ಅಲ್ಲಿ ದೇವವ್ವ ನೆಟ್ಟಿದ್ದ ಕರಿಬೇವಿನ ಸಸಿ ಹಾಳಾಯಿತು. ಆಕೆ ಬೈಯಬೇಕೆಂದು ಹೋದವಳು, ಅದರ ಮುಖ ನೋಡಿ ಇನ್ನೊಂದು ತಂಬಿಗೆ ನೀರು ಆ ತಗ್ಗಿಗೇ ಸುರಿದು ಬಂದಳು.

ಹಾಗೇ ಒಂದೊಂದೇ ಚಾಕರಿ ಉಡಚಪ್ಪನಿಂದ ಜಾರಿ ದೇವವ್ವನ ಕೈಗೆ ಬಂತು. ಬೆಳಗಿನ ತಂಪಿನಲ್ಲಿ ಅಡ್ಡಾಡಿಸುವುದು ಮಾತ್ರ ಅವನದು. ಅಡ್ಡಾಡಿಸುವುದೇನು ಬಂತು, ಹಗ್ಗದ ಒಂದು ತುದಿಗೆ ನಾಯಿ, ಇನ್ನೊಂದು ತುದಿಗೆ ಉಡಚಪ್ಪ. ಎಳೆಯುವುದಕ್ಕೇ ಹುಟ್ಟಿದ ತಳಿ ಅದು, ಬಂಡಿ ಸಿಗದಿದ್ದರೆ ಉಡಚಪ್ಪನನ್ನೇ ಎಳೆಯುತ್ತಿತ್ತು. ಹಗ್ಗ ಕೈಬಿಟ್ಟರೆ ಶಿರಹಟ್ಟಿಯ ದಾರಿ ಹಿಡಿದು ಓಡುತ್ತಿತ್ತು, ಕರೆದರೆ ತಿರುಗಿ ನೋಡುವ ಪೈಕಿಯಲ್ಲ. ಬಿಸಿಲೇರಿದ ಮೇಲೆ ಅದನ್ನು ಹೊರಗೆ ಬಿಡಬಾರದು, ಕಾದ ನೆಲಕ್ಕೆ ಅಂಗಾಲು ಸುಡುತ್ತದೆ ಎಂಬುದನ್ನು ದೇವವ್ವ ನೋಡಿ ತಿಳಿದಳು. ಮೈ ನೋಡಿ ಬಹಳ ಉಣ್ಣುತ್ತದೆ ಎಂದುಕೊಂಡಿದ್ದಳು, ಅದು ಒಂದು ಜೋಳದ ರೊಟ್ಟಿ, ಒಂದಿಷ್ಟು ಮಜ್ಜಿಗೆ, ಸಂತೆಯ ದಿನ ಎಲುಬು, ಇಷ್ಟಕ್ಕೇ ತೃಪ್ತಿ. ಓಣಿಯ ಕೋಳಿಗಳ ವಿಷಯ ಇಲ್ಲಿ ಬೇಡ. ಅದಕ್ಕೆ ದೇವವ್ವ ಹಲವು ಮನೆಗಳಲ್ಲಿ ಕೈ ಮುಗಿದು ಬಂದಿದ್ದಾಳೆ.

ವರ್ಷಕ್ಕೆ ಎರಡು ಸಲ ಅದರ ಮೈಯಿಂದ ಒಳಕೂದಲು ಗಂಟುಗಂಟಾಗಿ ಉದುರುತ್ತಿತ್ತು. ಅಂಗಳ, ಪಡಸಾಲೆ, ಉಡಚಪ್ಪನ ಸಾರು, ಎಲ್ಲ ಕಡೆಯೂ ಕೂದಲೇ ಕೂದಲು. ಬೇರೆ ಹೆಂಗಸಾಗಿದ್ದರೆ ಹಿಡಿಶಾಪ ಹಾಕುತ್ತಿದ್ದಳು. ದೇವವ್ವ ಡಂಬಳದ ಕುರಿ ಮನೆತನದ ಮಗಳು. ಅಪ್ಪನ ಮನೆಯಲ್ಲಿ ಉಣ್ಣೆ ಕತ್ತರಿಸುವುದು, ಹಿಂಜುವುದು, ನೂಲುವುದು ನೋಡುತ್ತಲೇ ಬೆಳೆದವಳು, ಕತ್ತರಿ ಹಿಡಿದರೆ ಅಣ್ಣ ಸಕ್ರಪ್ಪನಿಗಿಂತ ಒಂದು ಕೈ ಮೇಲು. ಮದುವೆಯಾಗಿ ಬಂದದ್ದು ಮಾತ್ರ, ಕುರಿ ಕಂಡರೆ ದಾರಿ ಬಿಟ್ಟು ನಿಲ್ಲುವ ವಾಡೆಯ ಆಳಿಗೆ. ಉಡಚಪ್ಪನ ಮನೆತನ ಕುಲದಿಂದ ಕುರಿಯವರೇ, ಆದರೆ ಮೂರು ತಲೆಮಾರಿನಿಂದ ಧಣಿಗಳ ಜೋಡು ಎತ್ತಿಟ್ಟು ಕೈ ಮೆತ್ತಗಾಗಿತ್ತು. ಹೀಗಾಗಿ ಬಹಳ ವರ್ಷಗಳ ಮೇಲೆ ಕೈಗೆ ಉಣ್ಣೆ ಸಿಕ್ಕಾಗ ದೇವವ್ವನ ಬೆರಳುಗಳಿಗೆ ಜೀವ ಬಂತು. ಕಟ್ಟಿಗೆಯ ಹಣಿಗೆಯಿಂದ ಸುಲ್ತಾನನ ಮೈ ಬಾಚಿ, ಉದುರಿದ ಮೆತ್ತನೆಯ ತುಪ್ಪಟವನ್ನು ಕೂಡಿಟ್ಟು, ಒಂದು ತಲೆದಿಂಬು ತುಂಬಿದಳು. ಉಡಚಪ್ಪ ಅದರ ಮೇಲೆ ಮಲಗಿ, "ಹತ್ತಿ ಭಾಳ ಚಲೋ ಐತಲ್ಲ, ಎಲ್ಲಿದು?" ಎಂದು ಕೇಳಿದ. "ಹುಲಕೋಟಿದು" ಅಂದಳು ದೇವವ್ವ, ನಾಯಿಯ ಕಡೆ ಕಣ್ಣು ಹೊಡೆದು.

ಎರಡನೆಯ ಬೇಸಿಗೆಯ ಮೊದಲಿಗೆ ಸಕ್ರಪ್ಪ ಕುರಿ ಹೊಡೆದುಕೊಂಡು ಆ ಕಡೆ ಬಂದ. ತಂಗಿಯ ಮನೆಯಲ್ಲಿ ಉಂಡು, ಬಾಯಿ ತೆರೆದು ತೇಕುತ್ತ ಮಲಗಿದ್ದ ಸುಲ್ತಾನನನ್ನು ನೋಡಿದ. ಅವನ ಕೈ ತಾನಾಗಿಯೇ ಸೊಂಟದ ಕತ್ತರಿಗೆ ಹೋಯಿತು.

"ಪಾಪದ್ದು, ಕಂಬಳಿ ಹೊತ್ತು ಕುಂತೈತಿ. ತಡಿ, ಒಂದು ಗಳಿಗ್ಯಾಗ ಬೋಳಿಸಿ ಹಗುರ ಮಾಡ್ತೀನಿ."

ದೇವವ್ವ ಸೌಟು ಹಿಡಿದುಕೊಂಡೇ ಅಡ್ಡ ಬಂದಳು. "ಅಣ್ಣಾ, ಕತ್ತರಿ ಹಿರದೀ ಅಂದ್ರ ನೋಡು ಮತ್ತ! ಇದು ಕುರಿ ಅಲ್ಲ. ಕೈ ಇಟ್ಟು ನೋಡಿಲ್ಲಿ. ಮ್ಯಾಲಿನ ಕೂದಲಾ ಛಪ್ಪರಿದ್ದಾಂಗ. ಬಿಸಲು ಅದರ ಮ್ಯಾಲ ನಿಲ್ಲತೈತಿ, ಒಳಗ ಚರ್ಮ ತಣ್ಣಗ ಐತಿ. ಒಳಗಿನ ತುಪ್ಪಟ ತಾನ ಉದರತೈತಿ, ಬಾಚಿದರ ಸಾಕು. ಛಪ್ಪರ ಕಿತ್ತರ ಚರ್ಮ ಸುಡತೈತಿ. ಆಮ್ಯಾಲೆ ಮೊದಲಿನಾಂಗ ಬೆಳೀತೈತೋ ಇಲ್ಲೋ ಯಾರಿಗೆ ಗೊತ್ತು?"

ಸಕ್ರಪ್ಪ ಕೈಯಿಟ್ಟು ನೋಡಿ, ಹೌದಲ್ಲ ಎಂದು ಕತ್ತರಿ ಒಳಗಿಟ್ಟ. ಧಣಿಯ ಮಾತನ್ನು ಹೆಂಡತಿ ಇಷ್ಟು ಚೊಕ್ಕಾಗಿ ಹೇಳಿದ್ದಕ್ಕೆ ಉಡಚಪ್ಪನಿಗೆ ಹೆಮ್ಮೆಯೋ ಹೆಮ್ಮೆ. "ಪುಣೆದಾಗ ಇರಬೇಕಾದಾಕಿ ನೀನು" ಎಂದುಬಿಟ್ಟ. ದೇವವ್ವ ಗಕ್ಕನೆ ಅವನ ಮುಖ ನೋಡಿದಳು. ಅವನು ಅಷ್ಟೊತ್ತಿಗೆ ಎಲೆ ಅಡಿಕೆ ಹುಡುಕಲು ಎದ್ದಿದ್ದ.

ಹೋಳಿ ಹುಣ್ಣಿಮೆ ಮುಗಿದ ವಾರ ಕುತುಬುದ್ದೀನ ಮೋಟಾರು ನಿಲ್ಲಿಸಿ ವಾಡೆಯ ಬಾಗಿಲಿಗೆ ಬಂದ.

"ಉಡಚಪ್ಪ, ನಿನ್ನ ನಸೀಬ ತೆರೀತು ನೋಡು. ಧಣ್ಯಾರು ಗದಗಿಗೆ ಬಂದಾರ. ಬರೋ ಸೋಮವಾರ ಮುಂಜಾನೆ ಇಲ್ಲಿಗೆ ಬಂದು ನಾಯಿನ್ನೂ ನಿನ್ನೂ ಕರಕೊಂಡು ಹೋಗ್ತಾರಂತ. ಪುಣೆದಾಗ ನಾಯಿಗಳ ದೊಡ್ಡ ಪ್ರದರ್ಶನ ಐತಂತ, ಸುಲ್ತಾನನ್ನ ಅಲ್ಲಿ ನಿಲ್ಲಸತಾರಂತ."

"ಮತ್ತ ಇಕೀ?" ಎಂದು ದೇವವ್ವನ ಕಡೆ ನೋಡಿ ಕೇಳಿದವನು ಕುತುಬುದ್ದೀನನೇ. ತಾನೇ ಉತ್ತರವನ್ನೂ ಹೇಳಿದ. "ಮೋಟಾರ ಶೆಡ್ಡಿನ ಬಾಜೂಕ ಒಂದ ಖೋಲಿ ಐತಂತ, ಒಬ್ಬನಿಗೆ ಆಗೂವಷ್ಟು. ಹೆಂಗಸರದ್ದು ಮುಂದ ನೋಡೂಣು ಅಂದ್ರು."

"ಹೌದೌದು, ಮುಂದ ನೋಡೂಣಂತ" ಎಂದ ಉಡಚಪ್ಪ. ಮುಖ ಅರಳಿ ಹೋಗಿತ್ತು. "ದೇವಿ, ಕೇಳಿದಿಲ್ಲೋ? ಸೋಮವಾರ!"

"ಕೇಳಿದೆ" ಅಂದಳು ದೇವವ್ವ.

"ಏನಂತಿ?"

"ಏನನ್ನೂದೈತಿ? ಆತು."

ಆತು ಎಂದರೆ ಆಯಿತು ಎಂದೇ ತಿಳಿದುಕೊಳ್ಳುವ ಗಂಡಸರಿಗೆ ದೇವರೇ ಗತಿ. ಉಡಚಪ್ಪ ಧೋತರ ಒಗೆಸಿದ, ಜೋಡಿಗೆ ಎಣ್ಣೆ ಹಚ್ಚಿದ. ಶಿರಹಟ್ಟಿಯಲ್ಲಿದ್ದ ಅಕ್ಕನಿಗೆ ಹೇಳಿ ಬರುತ್ತೇನೆ ಎಂದು ಆದಿತ್ಯವಾರ ಬೆಳಿಗ್ಗೆ ಹೊರಟ. ಹೋಗುವಾಗ ಹೊಸ್ತಿಲಲ್ಲಿ ನಿಂತು, "ಸುಲ್ತಾನನ್ನ ಚಲೋತಂಗ ಬಾಚಿ ಇಡು, ಧಣ್ಯಾರು ನೋಡಿದ ಕೂಡಲೆ ಖುಷಿ ಆಗಬೇಕು" ಎಂದ.

ದೇವವ್ವ ಬಾಚಿದಳು. ಎರಡು ವರ್ಷದಿಂದ ಬಾಚಿದಂತೆಯೇ ಕೊರಳಿಂದ ಬೆನ್ನಿಗೆ, ಬೆನ್ನಿಂದ ತೊಡೆಗೆ ಬಾಚಿದಳು. ಸುಲ್ತಾನ ಕಣ್ಣು ಮುಚ್ಚಿ ಆಕೆಯ ತೊಡೆಯ ಮೇಲೆ ಗದ್ದ ಇಟ್ಟಿತ್ತು. ನಾಳೆ ಇಷ್ಟೊತ್ತಿಗೆ ಈ ಅಂಗಳದಲ್ಲಿ ಯಾರೂ ಇರುವುದಿಲ್ಲ. ಕೀಲಿ ಹಾಕಿದ ವಾಡೆ, ಬಚ್ಚಲ ಹತ್ತಿರದ ತಗ್ಗು, ಒಬ್ಬಳಿಗೆ ಬಡಿಯುವ ರೊಟ್ಟಿ. ಮುಂದೆ ನೋಡೋಣ ಅಂದಿದ್ದಾರಲ್ಲ. ಆ ಮುಂದೆ ಎಂಬುದನ್ನು ಆಕೆ ಹುಟ್ಟಿದಾಗಿನಿಂದ ಕೇಳಿದ್ದಳು, ಅದು ಬಂದದ್ದನ್ನು ಮಾತ್ರ ಕಂಡಿರಲಿಲ್ಲ. ದೇವವ್ವನಿಗೆ ಅಳು ಬಂತು. ಅತ್ತಳು. ಅತ್ತು ಮುಗಿದ ಮೇಲೆ ಎದ್ದು ಒಳಗೆ ಹೋಗಿ, ತವರಿನಿಂದ ತಂದ ಟ್ರಂಕಿನ ತಳದಿಂದ ಕುರಿಗತ್ತರಿ ತೆಗೆದಳು.

ಎಲ್ಲವೂ ಗೊತ್ತಿತ್ತು ಆಕೆಗೆ. ಅಣ್ಣನಿಗೆ ಸೌಟು ತೋರಿಸಿ ಹೇಳಿದ ಮಾತು ಒಂದೊಂದೂ ನೆನಪಿತ್ತು. ಕತ್ತರಿ ಆಡಿಸಿದಳು. ಕಪ್ಪು ಬಿಳುಪು ಉಣ್ಣೆ ಅಂಗಳದ ತುಂಬ ಬಿತ್ತು. ಸುಲ್ತಾನ ಇದೂ ಬಾಚುವ ಇನ್ನೊಂದು ಬಗೆ ಎಂದು ತಿಳಿದು ಮಗ್ಗುಲು ತಿರುಗಿ ಇನ್ನೊಂದು ಬದಿಯನ್ನೂ ತಾನೇ ಕೊಟ್ಟಿತು. ಅದು ಹಾಗೆ ನಂಬಿ ಕೊಟ್ಟದ್ದನ್ನು ದೇವವ್ವ ಅದರ ಮುಖ ನೋಡದೆಯೇ ಕತ್ತರಿಸಿದಳು. ಕಿವಿಯ ಹತ್ತಿರ ಕತ್ತರಿ ತಪ್ಪಿ ಸ್ವಲ್ಪ ರಕ್ತ ಬಂತು. ಅರಿಶಿನ ಹಚ್ಚಿದಳು. "ತಪ್ಪಾತಪಾ ಸುಲ್ತಾನಪ್ಪ, ನನ್ನ ತಪ್ಪು ಹೊಟ್ಟ್ಯಾಗ ಹಾಕ್ಕೊ" ಎಂದಳು. "ವೂ-ಊ" ಅಂದಿತು ಸುಲ್ತಾನ. ಎದ್ದು ಮೈ ಝಾಡಿಸಿತು. ಝಾಡಿಸುವುದಕ್ಕೆ ಏನೂ ಇಲ್ಲದ್ದರಿಂದ ತಾನೇ ಗಾಬರಿಯಾಗಿ ತನ್ನ ಬಾಲವನ್ನು ತಿರುಗಿ ನೋಡಿಕೊಂಡಿತು.

ಸಂಜೆ ಉಡಚಪ್ಪ ಬಂದ. ಅಂಗಳದಲ್ಲಿ ಗುಲಾಬಿ ಬಣ್ಣದ, ಸಣಕಲು ಕಾಲಿನ, ತಲೆ ಮಾತ್ರ ದೊಡ್ಡದಾದ ಒಂದು ಪ್ರಾಣಿ ಅವನ ಹೆಗಲಿಗೆ ಕಾಲು ಹಾಕಿ ಮುಖ ನೆಕ್ಕಿತು. ಉಡಚಪ್ಪ ಯವ್ವಾ ಎಂದು ಚೀರಿದ. ಆಮೇಲೆ ನೀಲಿ ಕಣ್ಣು ನೋಡಿದ. ಆಮೇಲೆ ಮೂಲೆಯಲ್ಲಿದ್ದ ಉಣ್ಣೆಯ ರಾಶಿ ನೋಡಿದ. ಕಡೆಗೆ ಹೆಂಡತಿಯ ಮುಖ ನೋಡಿದ.

"ಯಾರು?"

"ನಾ."

ಬೈಗುಳಕ್ಕೆ ದೇವವ್ವ ಸಿದ್ಧಳಾಗಿ ನಿಂತಿದ್ದಳು. ತಿರುಗಿ ಅನ್ನುವುದನ್ನೂ ಹೊಂದಿಸಿಟ್ಟುಕೊಂಡಿದ್ದಳು. ಅವನು ಬೈಯಲಿಲ್ಲ. ಕಟ್ಟೆಯ ಮೇಲೆ ಹೋಗಿ ಬೆನ್ನು ತಿರುಗಿಸಿ ಕೂತ. ಉಣ್ಣಲು ಕರೆದರೆ ಬರಲಿಲ್ಲ. ಸುಲ್ತಾನ ಇಬ್ಬರ ನಡುವೆ ಅತ್ತಿಂದಿತ್ತ ಓಡಾಡಿ ದಣಿದು, ಬಾಲದಿಂದ ಮೂಗು ಮುಚ್ಚಿಕೊಳ್ಳಲು ನೋಡಿ, ಮುಚ್ಚುವಷ್ಟು ಬಾಲ ಉಳಿದಿಲ್ಲದೆ ಹಾಗೆಯೇ ಮಲಗಿತು.

ಸೋಮವಾರ ಬೆಳಿಗ್ಗೆ ಧಣಿಗಳು ಬಂದರು. ಮೋಟಾರು ಹೊಡೆದುಕೊಂಡು ಬಂದವನು ಕುತುಬುದ್ದೀನನೇ. ಬಾಗಿಲು ತೆರೆದು ಇಳಿಯುವಷ್ಟು ಪುರುಸೊತ್ತೂ ಕೊಡದೆ ಸುಲ್ತಾನ ಹಾರಿ ಧಣಿಗಳ ಬಿಳಿ ಕೋಟಿನ ಮೇಲೆ ಎರಡೂ ಕಾಲು ಹಚ್ಚಿತು.

"ಹೋ, ಹೋ! ಯಾವ ಪ್ರಾಣಿಲೇ ಇದು? ಹಚ್!"

"ಸುಲ್ತಾನ್ರಿ ಧಣಿ" ಎಂದ ಉಡಚಪ್ಪ ಸಣ್ಣ ದನಿಯಲ್ಲಿ.

ಇನಾಮದಾರರು ಚಷ್ಮ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಒಂದು ಸುತ್ತು ಹಾಕಿ ನೋಡಿದರು. ಪುಣೆಯ ಎಷ್ಟು ಮಂದಿ ಗೆಳೆಯರಿಗೆ ಅವರು ಈ ನಾಯಿಯ ವರ್ಣನೆ ಮಾಡಿದ್ದರೋ, ಅವರೆಲ್ಲರ ಮುಖ ಕಣ್ಣ ಮುಂದೆ ಬಂದಿರಬೇಕು. ಮುಖ ಕೆಂಪಾಯಿತು.

"ಒಂದ ಮಾತು ಹೇಳಿದ್ದೆ. ಒಂದ! ಕತ್ತರಿ ಮುಟ್ಟಸಬ್ಯಾಡ ಅಂತ. ಯಾರು ಮಾಡಿದ್ದಿದು?"

ದೇವವ್ವ ಸೆರಗು ಬಿಗಿದು ಬಾಗಿಲಿಂದ ಈಚೆ ಬಂದಳು. ನಾನೇ ಎಂದು ಬಾಯಿ ತೆರೆದಳು. ತೆರೆದ ಬಾಯಿಯಿಂದ ಮಾತು ಬರುವ ಮುಂಚೆ ಉಡಚಪ್ಪ ಒಂದು ಹೆಜ್ಜೆ ಮುಂದೆ ಬಂದು ಆಕೆಗೆ ಅಡ್ಡವಾಗಿ ನಿಂತ.

"ನಾನರಿ ಧಣಿ."

"ನೀನ? ಯಾಕೋ?"

"ನಮ್ಮದು ಕುರಿ ಮಂದಿ ಬುದ್ಧಿರಿ. ಬಿಸಲು ಬಿತ್ತು, ಉಣ್ಣೆ ಕಂಡಿತು, ಕೈ ನಿಲ್ಲಲಿಲ್ಲರಿ. ನಾಯಿಗೆ ತಂಪಾಗಲಿ ಅಂತ ಮಾಡೀನಿರಿ."

ಮೂವತ್ತು ವರ್ಷ ವಾಡೆಯ ಉಪ್ಪು ತಿಂದವನು. ಧಣಿಯ ಮುಂದೆ ಸುಳ್ಳಾಡಿದ್ದು ಅದೇ ಮೊದಲು. ಆದರೂ ಎಷ್ಟು ನೀಟಾಗಿ ಆಡಿದ ನೋಡಿ! ಹಿಂದೆ ಕಟ್ಟಿದ ಕೈಯಲ್ಲಿ ಮಾತ್ರ ಧೋತರದ ಅಂಚನ್ನು ಹಿಂಡುತ್ತಿದ್ದ. ಅವನ ಹಿಂದೆ ನಿಂತ ದೇವವ್ವನಿಗೆ ಅದು ಚೆನ್ನಾಗಿ ಕಾಣಿಸಿತು, ಅವಳ ಕಣ್ಣು ತುಂಬಿ ಬಂದವು.

ಇನಾಮದಾರರು ಬಹಳ ಹೊತ್ತು ಕೂಗಾಡಿದರು. ಕೂಗಾಡುತ್ತ ಕೂಗಾಡುತ್ತ ಮತ್ತೊಮ್ಮೆ ನಾಯಿಯನ್ನು ನೋಡಿದರು. ಬೋಳು ನಾಯಿ ಬಾಲವೆಂಬ ಒಂದು ಬಾರುಕೋಲನ್ನು ಅಲ್ಲಾಡಿಸುತ್ತ, ಗೋಣೆತ್ತಿ ಅವರ ಕೂಗಿಗೆ ದನಿಗೂಡಿಸಿ "ಊ" ಎಂದಿತು. ಇನಾಮದಾರರ ಮೀಸೆಯ ಅಡಿಯಿಂದ ನಗು ಹೊರಟೇಬಿಟ್ಟಿತು.

"ನಿನ್ನ ಪುಣೆಕ್ಕ ಒಯ್ದರ ನಮ್ಮ ಬಾಯಿಸಾಹೇಬರ ಹೆರಳೂ ಕತ್ತರಿಸಿ ಕಂಬಳಿ ನೇಯ್ತೀ ನೀನು. ಬ್ಯಾಡಪ್ಪ, ಬ್ಯಾಡ. ನೀನೂ ಇಲ್ಲೇ ಇರು, ಇದೂ ಇಲ್ಲೇ ಇರಲಿ. ಇದನ್ನ ಅಲ್ಲಿ ಒಯ್ದು ನಾ ಯಾರಿಗೆ ಮುಖ ತೋರಸಲಿ? ವಾಡೆ ಕಾಯ್ಕೊಂಡು ಇರ್ರಿ ಇಬ್ಬರೂ."

ಮೋಟಾರು ಏರಿದರು. ಕುತುಬುದ್ದೀನ ಹ್ಯಾಂಡಲ್ ತಿರುವಲು ಬಂದವನು ಉಡಚಪ್ಪನ ಕಿವಿಯ ಹತ್ತಿರ ಬಗ್ಗಿದ.

"ಖರೆ ಹೇಳೋ, ನಿನಗ ಕುರಿಗತ್ತರಿ ಹ್ಯಾಂಗ ಹಿಡೀತಾರ ಅನ್ನೂದರ ಗೊತ್ತೈತೇನು?"

"ನಿನ್ನೆ ಕಲತೆ" ಎಂದ ಉಡಚಪ್ಪ.

ಕುತುಬುದ್ದೀನ ದೇವವ್ವನ ಕಡೆ ಒಮ್ಮೆ ನೋಡಿ, ನಗುವನ್ನು ಗಡ್ಡದಲ್ಲಿ ಮುಚ್ಚಿಕೊಂಡು ಮೋಟಾರು ಚಾಲೂ ಮಾಡಿದ. ಆದರೆ ಸುದ್ದಿಯನ್ನು ಮುಚ್ಚಿಕೊಳ್ಳುವ ಗಡ್ಡ ಅವನಿಗಿರಲಿಲ್ಲ. ಉಡಚಪ್ಪ ನಾಯಿ ಬೋಳಿಸಿದ ಖಬರ ಸಂಜೆಯೊಳಗೆ ಗದಗ ಬೆಟಗೇರಿ ದಾಟಿ ಮುಂಡರಗಿ ಮುಟ್ಟಿತು. ಮುಂದೆ ಎಷ್ಟೋ ವರ್ಷ ಅವನು ಸಂತೆಗೆ ಹೋದರೆ, "ಏ ಉಡಚಪ್ಪಣ್ಣ, ನಮ್ಮ ಎಮ್ಮಿಗೂ ಒಂದು ಕತ್ತರಿ ಹಚ್ಚಿ ಕೊಡೋ" ಎನ್ನುವವರಿದ್ದರು. ಅವನು ಒಮ್ಮೆಯೂ ನಿಜ ಹೇಳಲಿಲ್ಲ.

ಅದು ಮುಂದಿನ ಮಾತಾಯಿತು. ಆ ಸೋಮವಾರ ಮೋಟಾರಿನ ಧೂಳು ಅಡಗಿದ ಮೇಲೆ ಉಡಚಪ್ಪ ಅಂಗಳಕ್ಕೆ ಬಂದು ಬೇವಿನ ಕೆಳಗೆ ಕೂತ. ಬಿಸಿಲೇರುತ್ತಿತ್ತು. ದೇವವ್ವ ತನ್ನ ಹಳೆಯ ಸೀರೆಯೊಂದನ್ನು ನೀರಲ್ಲಿ ಅದ್ದಿ ತಂದು ಸುಲ್ತಾನನ ಬೋಳು ಬೆನ್ನಿನ ಮೇಲೆ ಹೊದಿಸಿದಳು. ಕೂದಲು ಬರುವ ತನಕ ಇನ್ನು ದಿನವೂ ಇದೇ ಚಾಕರಿ ಎಂದು ಆಕೆಗೆ ಗೊತ್ತಿತ್ತು. ತಾನು ಮಾಡಿದ್ದಕ್ಕೆ ತಾನೇ ದುಡಿಯಬೇಕಲ್ಲ.

"ಪುಣೆ ತಪ್ಪಿತ್ರಿ ನಿಮಗ" ಎಂದಳು, ಮುಖ ನೋಡದೆ.

"ತಪ್ಪಿತು."

"ಕೋಟು ತಪ್ಪಿತು."

"ಹೂಂ."

ಅವನು ನಾಯಿಯ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಅರಿಶಿನ ಮೆತ್ತಿದ ಕಿವಿಯನ್ನು ಮೆಲ್ಲಗೆ ಮುಟ್ಟಿದ. "ಇಲ್ಲಿ ಕತ್ತರಿ ತಪ್ಪೈತಿ. ಸಾವಿರ ಕುರಿ ಕತ್ತರಿಸಿದರೂ ನಿನ್ನ ಕೈ ತಪ್ಪಂಗಿಲ್ಲ ಅಂತ ನಿಮ್ಮಣ್ಣ ಹೇಳತಿದ್ದ."

"ಅದರ ಮುಖ ನೋಡದ ಕತ್ತರಿಸಿದೆ."

"ಯಾಕ?"

ದೇವವ್ವ ಒದ್ದೆ ಸೀರೆಯ ಅಂಚನ್ನು ಸರಿಮಾಡಿದಳು. ಸರಿಯಾಗಿಯೇ ಇದ್ದ ಅಂಚನ್ನು ಇನ್ನೊಮ್ಮೆ ಸರಿಮಾಡಿದಳು.

"ನಾಯಿ ಹೋದ್ರ ಹೋಗಲಿ ಅಂತಿದ್ದೆ. ನೀವು ಹೋದ್ರ ನಾ ಇಲ್ಲಿ ಯಾರ ಮುಖ ನೋಡಿಕೋತ ಇರಲಿ? ನಿಮ್ಮನ್ನ ಬಿಟ್ಟು ಇರಾಕ ನನ್ನ ಕೈಲೆ ಆಗಂಗಿಲ್ಲ."

ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಆಕೆ ಇಂಥ ಮಾತು ಆಡಿದ್ದು ಅವತ್ತೇ. ಉಡಚಪ್ಪ ಬಾಯಿ ತೆರೆದುಕೊಂಡು ಆಕೆಯನ್ನು ನೋಡಿದ. ಆಮೇಲೆ ನಾಯಿಯನ್ನು ನೋಡಿದ. ಬೋಳು ಕುತ್ತಿಗೆ, ಗುಲಾಬಿ ಹೊಟ್ಟೆ, ಮೇಲೆ ಹಸಿರು ಇಳಕಲ್ ಸೀರೆ.

"ಅಲ್ಲ ಮಾರಾಯ್ತಿ, ಈ ಮಾತು ಶನಿವಾರ ಹೇಳಿದ್ರ ಆಗತಿದ್ದಿಲ್ಲೇನ? ಪಾಪ, ಇದರ ಮೈಮ್ಯಾಲಿನದಾರ ಉಳೀತಿತ್ತು."

"ನಾ ಇಲ್ಲದ ಹ್ಯಾಂಗ ಇರ್ತೀ ಅಂತ ಶನಿವಾರ ನೀವು ಕೇಳಿದ್ರೇನು?" ಎಂದಳು ದೇವವ್ವ.